ದೊಡ್ಡವ್ವನ ಒನಕೆಗೆ ವಿಮಾನದ ಸಾಥ್

ಮೋಪಾದಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾದದ್ದರಿಂದ ಗೋವಾದಲ್ಲಿ ಯಾರಿಗೆ ಹೆಚ್ಚು ನಷ್ಟವಾಯಿತು? ಹಳೆಯ ನಿಲ್ದಾಣದ ಪಕ್ಕದ ವಾಸ್ಕೋದ ಟ್ಯಾಕ್ಸಿಯವರು ತಮಗೇ ಎನ್ನುತ್ತಾರೆ. ದಾಬೋಲಿಮ್‌ನ ಹೋಟೆಲಿನವರು ತಮಗೆ ಎನ್ನುತ್ತಾರೆ. ಇಬ್ಬರಿಗೂ ಗೊತ್ತಿಲ್ಲ! ನಿಜವಾದ ನಷ್ಟ ಆದದ್ದು ನಮ್ಮ ದೊಡ್ಡವ್ವನಿಗೆ. ಆಕೆ ಈ ಜನ್ಮದಲ್ಲಿ ವಿಮಾನ ಹತ್ತಿದವಳಲ್ಲ, ಹತ್ತುವ ಆಸೆಯೂ ಇಲ್ಲ. ಆದರೆ ವಿಮಾನ ಬಾರದೆ ಅವಳ ಮನೆಯಲ್ಲಿ ಹುಗ್ಗಿ ಆಗುವುದಿಲ್ಲ.

ಹುಗ್ಗಿಗೂ ವಿಮಾನಕ್ಕೂ ಎಲ್ಲಿಯ ಸಂಬಂಧ ಎನ್ನುತ್ತೀರಾ? ಹೇಳುತ್ತೇನೆ, ಅವಸರ ಬೇಡ. ಹುಗ್ಗಿಯೂ ಅವಸರಕ್ಕೆ ಬೇಯುವ ಪದಾರ್ಥವಲ್ಲ.

ವಿಜಾಪುರದ ಕಡೆಯಿಂದ ದುಡಿಯಲು ಗೋವಾಕ್ಕೆ ಬಂದ ನಮ್ಮಂಥವರಿಗೆ ಹಬ್ಬ ಎಂದರೆ ಗೋಧಿ ಹುಗ್ಗಿ. ಜವೆಗೋಧಿಗೆ ನೀರು ಚಿಮುಕಿಸಿ, ಒಳಕಲ್ಲಿಗೆ ಸುರಿದು, ಒನಕೆಯಿಂದ ಕುಟ್ಟಿ ಸಿಪ್ಪೆ ಬಿಡಿಸಬೇಕು. ಮೊರದಲ್ಲಿ ಕೇರಿ, ಒಡೆದ ಕಾಳನ್ನು ಕಡಲೆಬೇಳೆಯ ಜೊತೆ ಮೆತ್ತಗೆ ಬೇಯಿಸಿ, ಬೆಲ್ಲ, ಕೊಬ್ಬರಿ, ಗಸಗಸೆ, ಏಲಕ್ಕಿ ಹಾಕಿ ಕುದಿಸಬೇಕು. ತಾಟಿಗೆ ಬಡಿಸಿದ ಮೇಲೆ ಹಾಲು, ತುಪ್ಪ. ಈಗ ಒಡೆದ ಗೋಧಿ ಪ್ಯಾಕೆಟ್‌ನಲ್ಲೇ ಸಿಗುತ್ತದೆ, ಅದನ್ನು ತಂದು ಕುಕ್ಕರಿಗೆ ಹಾಕಿದರೆ ಮುಗಿಯಿತು. ಇಡೀ ವಾಸ್ಕೋದ ಕನ್ನಡ ಜನ ಹಾಗೆಯೇ ಮಾಡುತ್ತಾರೆ. ದೊಡ್ಡವ್ವ ಮಾತ್ರ ಆ ಪ್ಯಾಕೆಟ್ಟನ್ನು ಮನೆಯೊಳಗೆ ಬಿಡುವುದಿಲ್ಲ.

“ಅದು ಬ್ಯಾನಿ ಬಿದ್ದವ್ರು ಉಣ್ಣೂ ಗಂಜಿ. ಹಬ್ಬದ ದಿನ ದವಾಖಾನಿ ಊಟ ಮಾಡ್ತಿಯೇನ್ಲೇ?”

“ಹೋಗ್ಲಿ, ಗಿರಣಿಗೆ ಹಾಕಿಸಿಕೊಂಡು ಬರ್ತೇನಿ ಬಿಡವ್ವ,” ಎಂದೆ ಒಮ್ಮೆ.

“ಗಿರಣ್ಯಾಗ ಗೋಧಿ ಬಿಸಿ ಆಕ್ಕೈತಿ. ಜ್ವರಾ ಬಂದ ಗೋಧಿಗೆ ಏನ್ ರುಚಿ ಬರತೈತಿ?”

ಕೇಳಿದವರಿಗೆಲ್ಲ ಅವಳು ಒಂದೊಂದು ಕಾರಣ ಹೇಳುತ್ತಿದ್ದಳು. ಒಬ್ಬರಿಗೆ ರುಚಿ, ಇನ್ನೊಬ್ಬರಿಗೆ ಸಂಪ್ರದಾಯ, ನನ್ನ ಹೆಂಡತಿಗೆ “ಕೈ ರಟ್ಟಿಗೆ ಚಲೋ”. ಯಾವುದನ್ನೂ ನಾವು ನಂಬಲಿಲ್ಲ. ಹುಚ್ಚು ಎಂದು ಸುಮ್ಮನಾದೆವು.

ಈ ಹುಚ್ಚು ಹಳೆಯದು. ದೊಡ್ಡವ್ವ, ದೊಡ್ಡಪ್ಪ ಮೊದಲು ಬಾಯ್ನಾದ ಸಮುದ್ರದ ದಂಡೆಯಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅಲ್ಲಿಯ ಮನೆಗಳನ್ನೆಲ್ಲ ಕೆಡವಿದ ದಿನ ಜನ ಟಿವಿ, ಗ್ಯಾಸ್ ಸಿಲಿಂಡರ್, ಟ್ರಂಕು ಹೊತ್ತುಕೊಂಡು ಓಡುತ್ತಿದ್ದರೆ, ದೊಡ್ಡವ್ವ ಒಂದು ಹಾರೆ ಹಿಡಿದು ಅಡುಗೆಮನೆಯ ನೆಲ ಅಗೆಯುತ್ತಿದ್ದಳು. ಬಂಗಾರ ಹೂತಿಟ್ಟಿದ್ದಾಳೆಂದು ಅಕ್ಕಪಕ್ಕದವರು ತಮ್ಮ ಗಂಟನ್ನು ಅಲ್ಲೇ ಬಿಟ್ಟು ನೋಡಲು ಬಂದರು. ಮೇಲೆ ಬಂದದ್ದು ಒಳಕಲ್ಲು! ಟೆಂಪೋದವನು ಅದನ್ನು ನೋಡಿ, “ಮನಿ ಸಾಮಾನು ಅಂದ್ರಿ. ಇದನ್ ನೋಡಿದ್ರ ಮನೀನ ಕಿತ್ತುಕೊಂಡು ಹೊಂಟಂಗ ಐತ್ರಿ,” ಎಂದನಂತೆ.

ನೆಲದಲ್ಲಿ ಹೂತಿರಬೇಕಾದ ಆ ಕಲ್ಲು ಈಗ ವಾಸ್ಕೋದ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ, ಗೋಣಿಚೀಲದ ಮೇಲೆ ಕುಳಿತಿದೆ. ಕೆಳಗಿನ ಮನೆಯಲ್ಲಿ ನಿವೃತ್ತ ಕೊಂಕಣಿ ಮಾಸ್ತರರು ಒಬ್ಬರೇ ಇರುತ್ತಾರೆ. ಮೊದಲ ಸಲ ಗೋಧಿ ಕುಟ್ಟಿದಾಗ ಮಾಸ್ತರರು ಮುಖಕ್ಕೆ ಹಚ್ಚಿದ ಸಾಬೂನನ್ನೂ ಒರೆಸಿಕೊಳ್ಳದೆ ಮೇಲೆ ಓಡಿ ಬಂದರು. ದೊಡ್ಡವ್ವ ಹೆದರಲಿಲ್ಲ. ಅವರನ್ನು ಕೂರಿಸಿ, ಮರುದಿನ ಹುಗ್ಗಿ ಕಳಿಸುವುದಾಗಿ ತನ್ನ ಹಿಂದಿಯಲ್ಲಿ ಹೇಳಿದಳು: “ಆವಾಜ್ ಕೋ ಮಾಫ್ ಕರೋ, ಖೀರ್ ಕೋ ಖಾವೋ.” ಮಾಸ್ತರರು ಖೀರನ್ನು ಖಾಲಿ ಮಾಡಿದರು, ಆವಾಜನ್ನು ಮಾಫ್ ಮಾಡಲಿಲ್ಲ. ತೊಳೆದ ಡಬ್ಬಿಯನ್ನು ವಾಪಸು ಕೊಡುವಾಗಲೇ, ಇನ್ನೊಮ್ಮೆ ಸದ್ದು ಕೇಳಿದರೆ ಕಟ್ಟಡದ ಸೊಸೈಟಿಗೆ ದೂರು ಕೊಡುತ್ತೇನೆ ಎಂದು ಮರ್ಯಾದೆಯಿಂದ ಹೇಳಿ ಹೋದರು.

ಆಗ ದೊಡ್ಡವ್ವನ ತಲೆಗೆ ವಿಮಾನ ಹೊಳೆಯಿತು. ದಾಬೋಲಿಮ್‌ಗೆ ಇಳಿಯುವ ವಿಮಾನಗಳು ನಮ್ಮ ನೆತ್ತಿಯ ಮೇಲೆಯೇ ಹೋಗುತ್ತವೆ. ಆ ಹೊತ್ತಿಗೆ ಪಕ್ಕದಲ್ಲಿ ಕುಳಿತವರ ಮಾತೂ ಕೇಳುವುದಿಲ್ಲ. ಒನಕೆಯ ಸದ್ದು ಯಾವ ಲೆಕ್ಕ? ವಿಮಾನ ಬರುವತನಕ ಒನಕೆ ಎತ್ತಿ ಹಿಡಿದು ಕಿಟಕಿಯತ್ತ ನೋಡುತ್ತಾ ನಿಲ್ಲುವಳು. ಬಂತೋ, ಧಡ ಧಡ ಧಡ ಕುಟ್ಟುವಳು. ಹೋಯಿತೋ, ಸೆರಗಿನಿಂದ ಬೆವರು ಒರೆಸಿಕೊಳ್ಳುವಳು. ನೌಕಾದಳದ ಜೆಟ್‌ಗಳು ಒಂದರ ಹಿಂದೊಂದು ಹಾರಿದ ದಿನ ಅವಳಿಗೆ ಎಲ್ಲಿಲ್ಲದ ಖುಷಿ. “ಆ ಹುಡುಗೂರು ಭಾಳ ಪುಣ್ಯವಂತ್ರು,” ಎಂದು ಆಕಾಶಕ್ಕೆ ಕೈ ಮುಗಿಯುತ್ತಿದ್ದಳು.

ನಾನು ಕೆಲಸ ಮಾಡುವುದು ಅದೇ ವಿಮಾನ ನಿಲ್ದಾಣದ ಚಹಾದ ಅಂಗಡಿಯಲ್ಲಿ. ಹಬ್ಬದ ಹಿಂದಿನ ದಿನ ನನ್ನ ಫೋನಿಗೆ ಬಿಡುವಿಲ್ಲ.

“ತಮ್ಮಾ, ದಿಲ್ಲೀದು ಬಂತೇನು?”

“ತಡಾ ಐತಂತ ದೊಡ್ಡವ್ವ.”

“ಮತ್ತ ಮುಂಬೈದರ ಬರತೈತೋ ಇಲ್ಲೋ? ಕೈ ಸೋತು ಬಂತು ನನಗ!”

ಬಂದ ಗಿರಾಕಿಗಳು ನಮ್ಮ ಮನೆಯವರೆಲ್ಲ ದಿನಾ ವಿಮಾನದಲ್ಲೇ ಓಡಾಡುತ್ತಾರೆ ಎಂದುಕೊಂಡು ನನಗೆ ಒಂದಿಷ್ಟು ಹೆಚ್ಚು ಮರ್ಯಾದೆ ಕೊಡುತ್ತಿದ್ದರು. ನಾನೂ ಬೇಡ ಎನ್ನಲಿಲ್ಲ.

ಮಾಸ್ತರರಿಗೆ ಸದ್ದು ಕೇಳದಂತಾಯಿತು. ಆದರೆ ನಡುಕ ಎಲ್ಲಿಗೆ ಹೋದೀತು? ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕವರು ನನ್ನನ್ನು ನಿಲ್ಲಿಸಿ, “ಈಗಿನ ವಿಮಾನಗಳಿಗೆ ಭಾರ ಬಹಳ. ಮೇಲೆ ಹೋದರೆ ಸಾಕು, ಮನೆಯ ನೆಲವೇ ನಡುಗುತ್ತದೆ. ನಿಮ್ಮ ಸಾಹೇಬರಿಗೆ ತಿಳಿಸು,” ಎಂದರು. ಖಂಡಿತ ತಿಳಿಸುತ್ತೇನೆ ಸರ್ ಎಂದೆ.

ಇಷ್ಟೆಲ್ಲ ಗದ್ದಲದ ನಡುವೆ ನೆಮ್ಮದಿಯಿಂದ ಇದ್ದವನು ಒಬ್ಬನೇ, ದೊಡ್ಡಪ್ಪ. ಬಂದರಿನಲ್ಲಿ ಯಂತ್ರಗಳ ಪಕ್ಕದಲ್ಲೇ ದುಡಿದು ದುಡಿದು ಅವನ ಎರಡೂ ಕಿವಿ ಎಂದೋ ಹೋಗಿವೆ. ದೊಡ್ಡವ್ವ ಎಷ್ಟು ಬೈದರೂ ನಗುತ್ತಾನೆ. ಲೋಕದಲ್ಲಿ ಇಂಥ ಸುಖಿ ಗಂಡ ಇನ್ನೊಬ್ಬನಿಲ್ಲ! ಮೊಣಕಾಲು ನೋವಿನಿಂದ ಮಹಡಿ ಇಳಿಯುವುದನ್ನೂ ಬಿಟ್ಟಿದ್ದಾನೆ. ಗೋಧಿ ಕುಟ್ಟುವ ದಿನ ಮಾತ್ರ ಮಂಚ ಬಿಟ್ಟು ಬರಿ ನೆಲದ ಮೇಲೆ ಮಲಗುತ್ತಾನೆ. ಸೆಕೆಗೆ ಇರಬೇಕು ಎಂದುಕೊಂಡಿದ್ದೆ.

ಅಷ್ಟರಲ್ಲಿ ಮೋಪಾ ಬಂತು. ನಮ್ಮ ವಿಮಾನಗಳು ಒಂದೊಂದಾಗಿ ಅತ್ತ ಹೋದವು. ಬಸವ ಜಯಂತಿಯ ಹಿಂದಿನ ದಿನ ದೊಡ್ಡವ್ವ ಒನಕೆ ಹಿಡಿದು ಕಾದಳು, ಕಾದಳು. ಆಕಾಶದಲ್ಲಿ ಕಾಗೆ ಬಿಟ್ಟರೆ ಏನೂ ಹಾರಲಿಲ್ಲ. ನೀರು ಚಿಮುಕಿಸಿದ ಗೋಧಿ ಎಷ್ಟು ಹೊತ್ತು ಕಾದೀತು? ಬಸವಣ್ಣನ ಮೇಲೆ ಭಾರ ಹಾಕಿ ಕುಟ್ಟಿಯೇಬಿಟ್ಟಳು. ವಿಮಾನವಿಲ್ಲದೆ ವಿಮಾನದ ನಡುಕ! ಮಾಸ್ತರರಿಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು.

ಸೊಸೈಟಿಯವರು ಸೇರಿದರು. ಕಲ್ಲು ಮಹಡಿಯ ಮೇಲೆ ಇರಕೂಡದು, ಬೇಕಾದರೆ ಕೆಳಗೆ ಪಾರ್ಕಿಂಗಿನಲ್ಲಿ ಇಟ್ಟುಕೊಂಡು ಮನಸಾರೆ ಕುಟ್ಟಲಿ ಎಂದರು. ನ್ಯಾಯವಾದ ಮಾತು. ಎಲ್ಲದಕ್ಕೂ ಎದುರು ಮಾತಾಡುವ ದೊಡ್ಡವ್ವ ಅಂದು, “ಇಲ್ಲೇ ಇರ್ಲಿರಿ, ನಿಮ್ಮ ಕಾಲಿಗಿ ಬೀಳ್ತೇನಿ,” ಎಂದಳು. ಅವಳ ಬಾಯಿಂದ ಆ ಮಾತು ನಾನು ಕೇಳಿದ್ದೇ ಅಂದು. ಆದರೂ ನಾವು ಕಲ್ಲನ್ನು ಕೆಳಗೆ ಇಳಿಸಿದೆವು.

ಮುಂದಿನ ಹಬ್ಬಕ್ಕೆ ಅವಳು ಪಾರ್ಕಿಂಗಿನಲ್ಲಿ, ಸ್ಕೂಟರುಗಳ ನಡುವೆ ಗೋಧಿ ಕುಟ್ಟಿದಳು. ವಿಮಾನಕ್ಕೆ ಕಾಯುವ ಕಷ್ಟವಿಲ್ಲ, ಯಾರ ತಕರಾರೂ ಇಲ್ಲ. ಮಾಸ್ತರರೇ ಕುರ್ಚಿ ಹಾಕಿಕೊಂಡು ನೋಡುತ್ತಾ ಕುಳಿತಿದ್ದರು. ದೊಡ್ಡವ್ವನ ಮುಖದಲ್ಲಿ ಮಾತ್ರ ಕಳೆಯಿರಲಿಲ್ಲ. ಮೊರ ತರಲು ನನ್ನನ್ನು ಮೇಲೆ ಕಳಿಸಿದಳು.

ಮೇಲೆ ದೊಡ್ಡಪ್ಪ ನೆಲದ ಮೇಲೆ ಮಲಗಿದ್ದ. ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತಿದ್ದ, ತೆಗೆಯುತ್ತಿದ್ದ, ಸರಿದು ಇನ್ನೊಂದು ಕಡೆ ಒತ್ತುತ್ತಿದ್ದ. ಕೊನೆಗೆ ಕೆನ್ನೆಯನ್ನೇ ನೆಲಕ್ಕೆ ಹಚ್ಚಿದ. ನನ್ನನ್ನು ಕಂಡು, ಕಿವುಡರ ದೊಡ್ಡ ದನಿಯಲ್ಲಿ ಕೇಳಿದ:

“ನಾಳಿ ಹಬ್ಬ ಅಲ್ಲೇನೋ? ನಿಮ್ಮ ದೊಡ್ಡವ್ವ ಯಾಕ ಕುಟ್ಟವಲ್ಲಳು? ಆರಾಮ ಅದಾಳಿಲ್ಲೋ?”

ಮೊರವನ್ನು ಅಲ್ಲೇ ಬಿಟ್ಟು ಕೆಳಗೆ ಓಡಿದೆ. ಹೇಳಿದೆ. ದೊಡ್ಡವ್ವ ಒನಕೆ ನಿಲ್ಲಿಸಿದಳು.

“ಬಾಯ್ನಾದಾಗ ಇದ್ದಾಗಿಂದ ಹಿಂಗ, ತಮ್ಮಾ. ನಿಮ್ಮ ದೊಡ್ಡಪ್ಪನ ಕಿವಿ ಕೆಟ್ಟ ವರ್ಷ ಹಬ್ಬದ ಹಿಂದಿನ ದಿನ ಮೂಲ್ಯಾಗ ಕುಂತು ಅಳಾಕತ್ತಿದ್ದ. ನಾ ಗೋಧಿ ಕುಟ್ಟಾಕತ್ತಿದ್ನಿ. ಒಮ್ಮಿಗಲೇ ನೆಲಕ್ಕ ಕೈ ಹಚ್ಚಿ, ‘ಕೇಳಾಕತ್ತೈತಿ, ಕೇಳಾಕತ್ತೈತಿ’ ಅಂದ. ನನ್ನ ಮಾತು ಕೇಳೂದಿಲ್ಲ, ಬೈದ್ರ ಕೇಳೂದಿಲ್ಲ. ಇದೊಂದ ಕೇಳತಿತ್ತು.”

ಅವಳು ಆಡಿದ್ದು ಕನ್ನಡದಲ್ಲಿ. ಮಾಸ್ತರರು ನನ್ನ ಮುಖ ನೋಡಿದರು. ನನಗೆ ತಿಳಿದ ಹಿಂದಿಯಲ್ಲಿ ಹೇಳಿದೆ. ಅವರು ಎದ್ದು, ಲುಂಗಿ ಎತ್ತಿ ಕಟ್ಟಿ, ಒಳಕಲ್ಲಿನ ಒಂದು ಬದಿಗೆ ಕೈ ಹಾಕಿ, “ಪಕಡೋ,” ಎಂದರು.

ಕಲ್ಲು ಮತ್ತೆ ಮೂರನೆಯ ಮಹಡಿಯಲ್ಲಿ ಗೋಣಿಚೀಲದ ಮೇಲೆ ಕುಳಿತಿತು. ದೊಡ್ಡವ್ವ ಉಳಿದ ಗೋಧಿಯನ್ನು ಸುರಿದು, ಕಿಟಕಿಯತ್ತ ನೋಡದೆ, ಯಾವ ವಿಮಾನಕ್ಕೂ ಕಾಯದೆ ಒನಕೆ ಎತ್ತಿದಳು. ನಾನು ದೊಡ್ಡಪ್ಪನ ಪಕ್ಕ ಮಲಗಿ, ಒಂದು ಕಿವಿಗೆ ಬೆರಳಿಟ್ಟು, ಇನ್ನೊಂದನ್ನು ಭುಜಕ್ಕೆ ಒತ್ತಿ, ಅಂಗೈಯನ್ನು ನೆಲಕ್ಕೆ ಹಚ್ಚಿದೆ. ಧಡ್ ಎಂದು ಅಂಗೈಗೆ ಬಂತು. ದೊಡ್ಡಪ್ಪ ನನ್ನತ್ತ ತಿರುಗಿ ನಕ್ಕು, “ಕೇಳಿತೇನು? ಬೈಯಾಕತ್ತಾಳ!” ಎಂದ.