ನಳ ಚಾಲೂ ಬಿಟ್ಟು ಮೈಸೂರಿಗೆ

ಪ್ರವಾಸವೆಂದರೆ ಜನ ಯಾಕಷ್ಟು ಖುಷಿಪಡುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. ಊರು ನೋಡುವುದು ನನಗೂ ಇಷ್ಟವೇ. ಆದರೆ ಊರು ನೋಡಬೇಕಾದರೆ ಮೊದಲು ಮನೆ ಬಿಡಬೇಕಲ್ಲ, ಅಲ್ಲಿಯೇ ತೊಡಕು. ನಾವು ಬಾಗಿಲಿಗೆ ಕೀಲಿ ಹಾಕಿ ಬೆನ್ನು ತಿರುಗಿಸುವುದನ್ನೇ ಗೀಜರು, ಟೀವಿ, ಇಸ್ತ್ರಿಪೆಟ್ಟಿಗೆಗಳೆಲ್ಲ ಕಾಯುತ್ತಿರುತ್ತವೆ ಎಂದೇ ನನ್ನ ಭಯ. ನಾನು ಅಂಜುಬುರುಕ ಎಂದು ನನ್ನ ಹೆಂಡತಿ ವಿದ್ಯಾ ಬಂದವರೆದುರಿಗೆಲ್ಲ ಹೇಳುತ್ತಾಳೆ. ಪೂರ್ತಿ ಸುಳ್ಳೇನಲ್ಲ. ಹಾವು, ಚೇಳು, ಬೀದಿನಾಯಿ ಇವಕ್ಕೆಲ್ಲ ಎಲ್ಲರೂ ಅಂಜುವಷ್ಟೇ ನಾನೂ ಅಂಜುತ್ತೇನೆ. ಸ್ವಿಚ್ಚುಗಳಿಗೆ ಮಾತ್ರ ಸ್ವಲ್ಪ ಹೆಚ್ಚು.

ಇದರಲ್ಲಿ ನನ್ನ ತಪ್ಪಿಗಿಂತ ನನ್ನ ಕೆಲಸದ ತಪ್ಪೇ ಜಾಸ್ತಿ. ನಾನು ಧಾರವಾಡದಲ್ಲಿ ವಿಮೆಯವರ ಪರವಾಗಿ ಸರ್ವೇ ಮಾಡುವವನು. ಬೆಂಕಿ ಬಿದ್ದ ಅಂಗಡಿ, ಕರಿ ಹಿಡಿದ ಅಡುಗೆಮನೆ, ಕರಗಿ ಗೋಡೆಗಂಟಿದ ಫ್ರಿಜ್ಜು ಇವನ್ನೆಲ್ಲ ಕಣ್ಣಾರೆ ನೋಡಿ, ಏನು ಹೋಯಿತು, ಹೇಗೆ ಹೋಯಿತು ಎಂದು ಬರೆದುಕೊಡುವುದು ನನ್ನ ಹೊಟ್ಟೆಪಾಡು. ಉಪ್ಪಿನಬೆಟಗೇರಿಯಲ್ಲಿ ಒಬ್ಬ ಹಿರಿಯರು ಸುಟ್ಟ ಪಡಸಾಲೆಯಲ್ಲಿ ನಿಂತು, "ನಾವೇನೂ ಮಾಡಿದ್ದಿಲ್ರಿ ಸಾಹೇಬ್ರ. ಮಗಳ ಮನಿಗೆ ಹೋಗಿದ್ವಿ. ಟೀವಿ ಪಿನ್ನ ತಗಿಯೋದೊಂದ ಮರತಿದ್ವಿ ನೋಡ್ರಿ" ಎಂದಿದ್ದರು. ಆ 'ಒಂದ ಮರತಿದ್ವಿ' ನನ್ನ ಕಿವಿಯಲ್ಲಿ ಇನ್ನೂ ಇದೆ. ಬೇರೆಯವರು ಮನೆಗಳನ್ನು ಗೃಹಪ್ರವೇಶದ ದಿನ ನೋಡುತ್ತಾರೆ. ನಾನು ನೋಡುವುದು ಮನೆಯವರು ಪ್ರವಾಸ ಮುಗಿಸಿ ಬಂದ ಮರುದಿನ.

ಹೀಗಿರುವಾಗ ವಿದ್ಯಾ ಮೈಸೂರು ನೋಡಬೇಕೆಂದಳು. ಹೊರಡುವ ದಿನ ನಾನು ಬೆಳಗಿನಿಂದಲೇ ಮನೆಯ ಜೀವ ತೆಗೆಯಲು ಕೂತೆ. ಟೀವಿ, ಮಿಕ್ಸರು, ವೈಫೈ ಡಬ್ಬಿ, ಗೀಜರು ಎಲ್ಲದರ ಪಿನ್ನು ಕಿತ್ತೆ. ಸಿಲಿಂಡರಿನ ರೆಗ್ಯುಲೇಟರು ಬಿಚ್ಚಿ ಮುಚ್ಚಳ ಹಾಕಿದೆ. ಫ್ರಿಜ್ಜು ಖಾಲಿ ಮಾಡಿ, ವಾಸನೆ ಬರಬಾರದೆಂದು ಬಾಗಿಲಿಗೆ ಟವೆಲ್ಲು ಸಿಕ್ಕಿಸಿ ಅರ್ಧ ತೆರೆದಿಟ್ಟೆ. ಯಾರಾದರೂ ಸೇದಿ ಎಸೆದ ಬೀಡಿ ಗಾಳಿಗೆ ಉರುಳಿ ಒಳಗೆ ಬಂದೀತೆಂದು ಮುಂದಿನ, ಹಿಂದಿನ ಎರಡೂ ಬಾಗಿಲುಗಳ ಸಂದಿಗೆ ಒದ್ದೆ ಗೋಣಿತಟ್ಟು ತುರುಕಲು ತಯಾರು ಮಾಡಿಕೊಂಡೆ. ವಿದ್ಯಾಳ ತಂಬೂರಿ ಮೇಜಿನ ಮೇಲಿತ್ತು. ಅದು ಅವಳ ತಾಯಿಯದು. ಆ ತಾಯಿ ಹೋದ ಮೇಲೆ ಅಮ್ಮಿನಬಾವಿಯ ತವರಿನಿಂದ ಅವಳು ಬೇಡಿ ತಂದದ್ದು ಅದೊಂದನ್ನೇ. ದಿನಾ ಸಂಜೆ ಮಕ್ಕಳಿಗೆ ಹಾಡು ಕಲಿಸುವುದೂ ಅದನ್ನು ಮೀಟಿಕೊಂಡೇ. ಬೆಕ್ಕು ನುಗ್ಗಿ ಕೆಡವೀತೆಂದು ನಾನೇ ಅದನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸಿ, ಅಡುಗೆಮನೆಯ ಬಾಗಿಲ ಪಕ್ಕದ ನೆಲದ ಮೇಲೆ ಮಲಗಿಸಿದೆ.

ಫ್ರಿಜ್ಜಿನಲ್ಲಿದ್ದ ಬೆಣ್ಣೆ, ಮೊಸರು, ಅರ್ಧ ಪೇಡೆ ಪೊಟ್ಟಣ ಎಲ್ಲವನ್ನೂ ಪಕ್ಕದ ಮನೆಯ ರಜಿಯಾ ಭಾಬಿಗೆ ಕೊಟ್ಟುಬಂದೆ. ಅವರ ಯಜಮಾನರದು ಮೋಟಾರು ರಿಪೇರಿ ಅಂಗಡಿ. ಬಹಳ ಒಳ್ಳೆಯ ಜನ. "ಕೀಲಿಕೈ ಒಂದು ಕೊಟ್ಟು ಹೋಗ್ರಿ ಅಣ್ಣಾರ, ತುಳಸಿಗೆ ನೀರು ಹಾಕತೇನಿ" ಎಂದರು. ನಾನು ತುಳಸಿಕುಂಡವನ್ನೇ ಎತ್ತಿಕೊಂಡು ಹೋಗಿ ಅವರ ಅಂಗಳದಲ್ಲಿಟ್ಟೆ. ಅವರನ್ನು ನಂಬದೆ ಅಲ್ಲ. ಅವರಲ್ಲ, ನನ್ನ ಸ್ವಂತ ತಮ್ಮ ಕೇಳಿದ್ದರೂ ಕೊಡುತ್ತಿರಲಿಲ್ಲ. ಕೀಲಿಕೈ ಕೊಟ್ಟರೆ ಒಳಗೆ ಬರುತ್ತಾರೆ, ಬಂದರೆ ದೀಪ ಹಚ್ಚುತ್ತಾರೆ, ಹಚ್ಚಿದ ದೀಪ ಆರಿಸುತ್ತಾರೆಂದು ಖಾತ್ರಿ ಏನು? ಮೇಲಾಗಿ ಭಾಬಿ ಇಸ್ತ್ರಿಪೆಟ್ಟಿಗೆ ಕಾಯಲಿಟ್ಟು ಗೇಟಿನಲ್ಲಿ ಮಾತಿಗೆ ನಿಲ್ಲುವುದನ್ನು ನಾನು ಎಷ್ಟೋ ಸಲ ನೋಡಿ ಬೆವತಿದ್ದೇನೆ.

ಅಂತೂ ಮೇನ್ ಸ್ವಿಚ್ಚು ತೆಗೆದು, ಕೀಲಿ ಹಾಕಿ, ಜಗ್ಗಿ ನೋಡಿ, ಸಂದಿಗೆ ಗೋಣಿತಟ್ಟು ತುರುಕಿ, ಹುಬ್ಬಳ್ಳಿಯ ರೈಲು ಹಿಡಿಯಲು ಬಾಡಿಗೆ ಕಾರು ಹತ್ತಿದೆವು. ದಾರಿಯಲ್ಲಿ ಸತ್ತೂರ ಬಂದಿತ್ತು, ನಾನು ಸೀಟಿನಲ್ಲಿ ನೆಟ್ಟಗಾದೆ. ಹೊರಡುವ ಮುಂಚೆ ಅಂಗಿ ಇಸ್ತ್ರಿ ಮಾಡಿದ್ದೆ. ಪಿನ್ನು ಕಿತ್ತೆನೋ ಇಲ್ಲವೋ?

"ಮೇನ್ ತಗದ ಮ್ಯಾಲೆ ಇಸ್ತ್ರಿಪೆಟ್ಟಿಗಿ ಹೆಂಗ ಕಾಯತೈತ್ರಿ?" ಎಂದಳು ವಿದ್ಯಾ.

"ಮೇನ್ ತಗದೇನೋ ಇಲ್ಲೋ ಅದ ನೆನಪಾಗವಲ್ದು" ಎಂದೆ.

ಕಾರು ಹೊಳ್ಳಿತು. ಮನೆಯಲ್ಲಿ ಮೇನ್ ತೆಗೆದೇ ಇತ್ತು, ಇಸ್ತ್ರಿಪೆಟ್ಟಿಗೆ ಕಪಾಟಿನೊಳಗೆ ತಣ್ಣಗೆ ಕೂತಿತ್ತು. ವಿದ್ಯಾ, ಬಂದದ್ದು ಬಂದೆವಲ್ಲ ಎಂದು ಅಡುಗೆಮನೆಗೆ ಹೋಗಿ ಮರೆತಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿ ತಂದಳು. ಮತ್ತೆ ಕಾರು ಹತ್ತುವಾಗ, "ಇನ್ನೊಮ್ಮೆ ಹೊಳ್ಳಿಸಿದ್ರ ನಾ ಇಳದು ಸೀದಾ ಅಮ್ಮಿನಬಾವಿಗೆ ಹೋಗತೇನಿ. ಮೈಸೂರು ನೀವೊಬ್ಬರ ನೋಡಿ ಬರ್ರಿ" ಎಂದಳು. ದನಿ ಏರಿಸದೆ ಹೇಳಿದಳು. ಅವಳು ದನಿ ಏರಿಸದೆ ಹೇಳಿದ್ದನ್ನು ಮಾಡಿಯೇ ತೀರುತ್ತಾಳೆ.

ಉಣಕಲ್ಲ ಕೆರೆಯ ಹತ್ತಿರ ನಾನು ಕಿಟಕಿಯಾಚೆ ನೋಡಿದೆ. ತುಂಬಿದ ಕೆರೆ. ಅದನ್ನು ನೋಡುತ್ತಲೇ ನನಗೆ ನೆನಪಾಯಿತು. ನಳ!

ನಮ್ಮ ಓಣಿಯಲ್ಲಿ ನಳದ ನೀರು ವಾರಕ್ಕೊಮ್ಮೆ ಬರುತ್ತದೆ. ಯಾವ ಗಳಿಗೆಗೆ ಎಂದು ದೇವರಿಗೂ ಗೊತ್ತಿಲ್ಲ. ಅದಕ್ಕೇ ನೀರಿನ ದಿನ ಹತ್ತಿರವಾದರೆ ನಳ ತಿರುವಿ ಬಿಟ್ಟು ಕೆಳಗೊಂದು ಬಕೆಟ್ಟು ಇಟ್ಟಿರುತ್ತೇವೆ. ಬಕೆಟ್ಟಿನಲ್ಲಿ ಸದ್ದಾದರೆ ಊಟ ಬಿಟ್ಟಾದರೂ ಎದ್ದು ಓಡಿ, ಪೈಪು ಸಿಕ್ಕಿಸಿ ಟಾಕಿ ತುಂಬಿಸಿಕೊಳ್ಳಬೇಕು. ನಮ್ಮ ನಳ ಇರುವುದು ಅಡುಗೆಮನೆಯ ಮೂಲೆಯಲ್ಲಿ, ನೆಲದಿಂದ ಗೇಣೆತ್ತರಕ್ಕೆ. ಅದರ ಕೆಳಗೆ ಮೋರಿ ಇಲ್ಲ. ಆ ದಿನ ಮುಂಜಾನೆಯೂ ಅಭ್ಯಾಸಬಲದಿಂದ ಅದನ್ನು ತಿರುವಿಟ್ಟಿದ್ದೆ. ಹನಿಯೂ ಬಂದಿರಲಿಲ್ಲ. ಬೆಂಕಿ ಹತ್ತುವ ಸಾಮಾನುಗಳನ್ನೆಲ್ಲ ಕಾದು ಕಾದು, ನೀರನ್ನು ಮರೆತುಬಿಟ್ಟಿದ್ದೆ. ನಮ್ಮ ಊರಿನಲ್ಲಿ ನೀರು ಹೆಚ್ಚಾಗಿ ಮನೆ ಹಾಳಾದೀತೆಂದು ಯಾರಾದರೂ ಅಂಜುತ್ತಾರೆಯೇ?

ವಿದ್ಯಾ ಪಕ್ಕದಲ್ಲಿ ಚಟ್ನಿಪುಡಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಏನೋ ಗುನುಗುತ್ತಿದ್ದಳು. ಅವಳ ತಾಯಿಯ ತಂಬೂರಿಯ ಸೋರೆಬುರುಡೆ ನಳದಿಂದ ನಾಲ್ಕು ಹೆಜ್ಜೆ ದೂರದಲ್ಲಿ, ನೆಲದ ಮೇಲೆ. ನಾನೇ ಮಲಗಿಸಿದ್ದು. ಬಾಯಿ ತೆರೆದೆ, ಅಮ್ಮಿನಬಾವಿ ನೆನಪಾಯಿತು, ಮುಚ್ಚಿದೆ.

ಮೈಸೂರಿನಲ್ಲಿ ನಾನು ಏನು ನೋಡಿದೆನೆಂದು ಕೇಳಬೇಡಿ. ಅರಮನೆಯ ದೀಪಗಳನ್ನು ಕಂಡು ಎಲ್ಲರೂ ಬೆರಗಾದರೆ, ನಾನು ಅದರ ಮೇನ್ ಸ್ವಿಚ್ಚು ಎಲ್ಲಿದ್ದೀತೆಂದು ಹುಡುಕಿದೆ. ಬೃಂದಾವನದಲ್ಲಿ ಕಾರಂಜಿ ಚಿಮ್ಮಿದಾಗ ವಿದ್ಯಾ, "ಎಷ್ಟು ಛಂದ ಐತಲ್ರಿ" ಎಂದಳು. ನನಗೆ ಅಲ್ಲಿ ಕಂಡದ್ದು ನಮ್ಮ ಅಡುಗೆಮನೆ. ಐಸ್ಕ್ರೀಮ್ ತರುವ ನೆವ ಹೇಳಿ ಒಂದು ಮರದ ಮರೆಗೆ ಹೋಗಿ ಭಾಬಿಗೆ ಫೋನು ಮಾಡಿದೆ.

"ಭಾಬಿ, ನಳಾ ಬಂದಿದ್ವೇನ್ರಿ?"

"ಮುಂಜಾನೆ ಬಂದಿದ್ವುರಿ ಅಣ್ಣಾರ. ಏನ್ ಫೋರ್ಸ್ ಅಂತೀರಿ, ಮಧ್ಯಾಹ್ನದ ತನಕಾ ಒಂದ ಸವನ ಬಂದ್ವು. ಟಾಕಿ ತುಂಬಿ, ಅಂಗಳಾ ತೊಳದು, ನಿಮ್ಮ ತುಳಸಿಗೂ ಹಾಕೇನಿ."

ಮರಕ್ಕೆ ಒರಗಿದೆ. "ನಮ್ಮ ಬಾಗಲದಾಗಿಂದ ನೀರು ಹೊರಗ ಬರಾಕತ್ತಾವೇನು, ಸ್ವಲ್ಪ ನೋಡ್ತೀರಿ?"

"ಬಾಗಲದಾಗಿಂದ ಯಾಕ ನೀರು ಬರತಾವ್ರಿ?" ಎನ್ನುತ್ತಲೇ ಹೋಗಿ ಇಣುಕಿದರು. "ಒಂದ ಹನಿ ಇಲ್ರಿ. ನೀವು ಸಂದ್ಯಾಗ ಗೋಣಿತಟ್ಟು ತುರುಕೀರಲ್ಲ, ಅದರ ಕಾಣತೈತಿ. ಕೀಲಿಕೈ ಇದ್ದಿದ್ರ ಒಳಗ ಹೋಗಿ ನೋಡತಿದ್ದೆ."

ಹೆದರಿದವನ ಮೇಲೆ ಕಪ್ಪೆ ಎಸೆದಂತಾಯಿತು. ಗೋಣಿತಟ್ಟು! ಹೊರಗೆ ಹರಿದುಹೋಗಬೇಕಾದ ನೀರಿಗೆ ನಾನೇ ಕಟ್ಟೆ ಕಟ್ಟಿ, ಮನೆಯನ್ನೇ ಟಾಕಿ ಮಾಡಿಟ್ಟು ಬಂದಿದ್ದೆ. ಆ ಟಾಕಿಯಲ್ಲಿ ತಂಬೂರಿ ತೇಲುತ್ತಿತ್ತು. ಉಳಿದ ಪ್ರವಾಸವೆಲ್ಲ ಒಣ ತಂಬೂರಿಗಳು ಎಲ್ಲಿ ಸಿಗುತ್ತವೆಂದು ಯೋಚಿಸುತ್ತ ಕಳೆದೆ. ಸಿಕ್ಕರೂ ಅದು ಅವಳ ತಾಯಿ ಮೀಟಿದ್ದಾಗಿರುವುದಿಲ್ಲವಲ್ಲ ಎಂದು ನೆನೆದಾಗ ನಿಜವಾಗಿ ಕಣ್ಣು ತುಂಬಿತು. ಚಾಮುಂಡಿಬೆಟ್ಟದಲ್ಲಿ ನನ್ನ ಭಕ್ತಿ ನೋಡಿ ವಿದ್ಯಾಳಿಗೇ ಆಶ್ಚರ್ಯವಾಯಿತು.

ಧಾರವಾಡಕ್ಕೆ ಬಂದು ಗೇಟು ತೆರೆದವನೇ ನಾನು ಚಪ್ಪಲಿ ಬಿಟ್ಟು, ಪ್ಯಾಂಟನ್ನು ಮೊಣಕಾಲಿಗೆ ಮಡಚಿ, "ನೀ ಹಿಂದ ಸರದು ನಿಲ್ಲು" ಎಂದೆ. ಬಾಗಿಲು ತಳ್ಳಿದೆ. ಕಾಲಿಗೆ ಸಿಕ್ಕದ್ದು ಧೂಳು. ನೆಲ ಒಣಗಿತ್ತು, ಬಕೆಟ್ಟು ಒಣಗಿತ್ತು, ತಂಬೂರಿ ಮಲಗಿಸಿದಲ್ಲೇ ಮಲಗಿತ್ತು. ನಾನು ಅದರ ಪಕ್ಕ ಕುಸಿದು ಕೂತು, ಬುರುಡೆಯನ್ನು ಸುತ್ತಲೂ ತಡವಿ, ವಿದ್ಯಾಳಿಗೆ ಎಲ್ಲ ಹೇಳಿಬಿಟ್ಟೆ.

"ನಳಾನ? ಅವತ್ತ ಚಟ್ನಿಪುಡಿ ತರಾಕ ಬಂದಾಗ ನಾ ಬಂದ್ ಮಾಡೇನಲ್ಲ" ಎಂದಳು.

"ಮತ್ತ ನನಗ ಹೇಳಬಾರದ?"

"ಹೇಳಿದ್ರ, ಗಟ್ಟಿ ತಿರುವೀಯೋ ಇಲ್ಲೋ ಅಂತ ಮೈಸೂರು ತನಕಾ ಕೇಳತಿದ್ರಿ."

ನಾನು ನಕ್ಕೆ. ಅವಳೂ ನಗುತ್ತ ಮುಖ ತೊಳೆಯಲು ಬಚ್ಚಲಿಗೆ ಹೋದಳು. ಅಲ್ಲಿ ಕೊಳಾಯಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಟಾಕಿಯ ತಳದ ನೀರನ್ನು ನಾವು ಹೊರಡುವ ದಿನವೇ ಸ್ನಾನಕ್ಕೆ ಮುಗಿಸಿದ್ದೆವು. ವಾರದ ನೀರು, ನಾವಿಲ್ಲದಾಗ, ಬಂದ್ ಮಾಡಿದ ನಳದವರೆಗೆ ಬಂದು ಹೊಳ್ಳಿ ಹೋಗಿತ್ತು. ಮನೆಯಲ್ಲಿ ಬಾಯಿ ತೊಯಿಸಲು ಗುಟುಕು ನೀರಿರಲಿಲ್ಲ.

ಪ್ಯಾಂಟು ಹೇಗೂ ಮಡಚಿತ್ತು. ಹಾಗೆಯೇ ಎರಡು ಕೊಡ ಹಿಡಿದು ಭಾಬಿಯ ಬಾಗಿಲಿಗೆ ಹೋದೆ. ಅವರು ಏನೂ ಕೇಳದೆ ಎರಡೂ ಕೊಡ ತುಂಬಿಸಿ, ಮೇಲೊಂದು ಲೋಟ ಚಹಾ ಕೊಟ್ಟು, "ಕೀಲಿಕೈ ಇದ್ದಿದ್ರ ನಿಮ್ಮ ಟಾಕೀನೂ ತುಂಬಿಸಿ ಇಡತಿದ್ದೆರಿ" ಎಂದರು. ಮರುದಿನವೇ ಹೋಗಿ ಕೀಲಿಕೈ ಕೊಟ್ಟೆ.

ಈಗ ನಮ್ಮ ಮನೆಯ ಕೀಲಿಕೈ ಅವರ ಗೋಡೆಯ ಮೊಳೆಗೆ ತೂಗುಬಿದ್ದಿದೆ. ಆ ಮೊಳೆಯ ಕೆಳಗೇ ಅವರ ಇಸ್ತ್ರಿಪೆಟ್ಟಿಗೆ ಇರುತ್ತದೆ. ಅದು ಕಾಯುತ್ತಿದೆಯೋ ಎಂದು ನೋಡಲು ದಿನಾ ಒಂದೆರಡು ಸಲ ಸಕ್ಕರೆ ಕೇಳುವ ನೆವದಿಂದ ಹೋಗಿಬರುತ್ತೇನೆ. ಭಾಬಿ ಒಳಗಿನಿಂದ ಸಕ್ಕರೆ ತರುವಷ್ಟರಲ್ಲಿ ಪಿನ್ನನ್ನು ಕಂಡೂ ಕಾಣದಷ್ಟು ಹೊರಗೆ ಕಿತ್ತಿರುತ್ತೇನೆ. ನಮ್ಮ ಸಕ್ಕರೆ ಡಬ್ಬಿ ತುಂಬಿ ಮುಚ್ಚಳ ಹಾಕಲು ಬಾರದಂತಾಗಿದೆ. ಮೊನ್ನೆ ಭಾಬಿ ವಿದ್ಯಾಳನ್ನು ಗೇಟಿನಲ್ಲಿ ನಿಲ್ಲಿಸಿ, ತಮ್ಮ ಇಸ್ತ್ರಿಪೆಟ್ಟಿಗೆ ಯಾಕೋ ಈಚೆಗೆ ಕಾಯುವುದೇ ಇಲ್ಲ, ಕೆಟ್ಟಿರಬೇಕು ಎಂದರಂತೆ.