ಸಬ್ಬಕ್ಕಿ ಕಣದಿಂದ ಆಕಾಶಕ್ಕೊಂದು ಕಾಗದ

ಪುಟ್ಟಪ್ಪ: ಕಾಲಿಡಬ್ಯಾಡ ಅಕ್ಕಾ! ಒಂದ್ ಗೆರೆ ಅಳಿಸೋದ್ರೂ ಅರ್ಥ ಕೆಟ್ಟೋಯ್ತದೆ!

ಮಂಗಮ್ಮ: ಅರ್ಥ ಕೆಟ್ರೆ ಕೆಡ್ಲಿ. ಜವ್ವರಿಸಿ ಕೆಟ್ರೆ ನಾನ್ ಕೆಟ್ಟೆ. ಸರಿಯಲಾ ಅತ್ಲಾಗೆ!

ಸೇಲಂ ಪಕ್ಕದ ಸಬ್ಬಕ್ಕಿ ಮಿಲ್ಲಿನ ಸಿಮೆಂಟು ಕಣದ ಅಂಚಿನಲ್ಲಿ ಮಂಗಮ್ಮ ಉದ್ದ ಕೋಲಿನ ಗೋರುಮಣೆಯನ್ನು ಈಟಿಯಂತೆ ಹಿಡಿದು ನಿಂತಿದ್ದಳು. ಹರವಿದ ಹಸಿ ಸಬ್ಬಕ್ಕಿಯನ್ನು, ಅಲ್ಲಿಯವರ ಬಾಯಲ್ಲಿ ಜವ್ವರಿಸಿಯನ್ನು, ಅರ್ಧ ಗಂಟೆಗೊಮ್ಮೆ ತಿರುವಬೇಕು. ಮರೆತರೆ ಮುತ್ತೆಲ್ಲ ಅಂಟಿಕೊಂಡು ಮುದ್ದೆ. ಇನ್ನೊಂದು ಸಲ ಮುದ್ದೆಯಾದರೆ ಮಂಗಮ್ಮನಿಗೆ ಕಣದ ಮೇಸ್ತ್ರಿಕೆ ತಪ್ಪಿ ಮತ್ತೆ ಮರಗೆಣಸು ಸುಲಿಯುವ ಶೆಡ್ಡೇ ಗತಿ ಎಂದು ಮಿಲ್ಲಿನ ಯಜಮಾನರು, ಮೊದಲಾಳಿ ಪಳನಿಯಪ್ಪನ್, ಬೆಳಿಗ್ಗೆಯೇ ಹೇಳಿದ್ದರು. ಹನ್ನೊಂದು ವರ್ಷ ಆ ಶೆಡ್ಡಿನ ಕೆಸರಲ್ಲಿ ಕೂತು ಎದ್ದವಳು ಅವಳು. ಏರ್ಕಾಡು ಬೆಟ್ಟದ ನೆತ್ತಿ ಮಳೆಮೋಡಕ್ಕೆ ಆಗಲೇ ಕಪ್ಪಿಟ್ಟಿತ್ತು. ಇತ್ತ ಅವಳು ಉಂಡು ಕೈ ತೊಳೆದು ಬರುವಷ್ಟರಲ್ಲಿ, ಹುರಿಯುವ ಮೆಶೀನಿನ ಪುಟ್ಟಪ್ಪ ಕಣದ ತುಂಬ ಹರವಿದ ಸಬ್ಬಕ್ಕಿಯಲ್ಲೇ ಒಂದು ತ್ರಿಕೋನ, ಅದರ ಮೂರು ಬದಿಗೂ ಮೂರು ಚೌಕ, ಸುತ್ತಲೂ ಒಂದು ದೊಡ್ಡ ವೃತ್ತ ಗೀಚಿಟ್ಟಿದ್ದ.

ಪುಟ್ಟಪ್ಪ: ಇದು ಕಣಕ್ಕು ಅಕ್ಕಾ, ಲೆಕ್ಕ. ಬೇರೆ ಗ್ರಹದಾಗೆ ಬುದ್ಧಿ ಇರೋ ಜೀವ ಐತೆ. ಬಾಸೆ ಬ್ಯಾರೆ ಆದ್ರೂ ಲೆಕ್ಕ ಎಲ್ಲಾರ್ಗೂ ಒಂದೇ. ಮ್ಯಾಲಿಂದ ನೋಡಿದ್ ತಕ್ಷಣ, ‘ಓಹೋ, ಇಲ್ಲೂ ಬುದ್ಧಿವಂತ್ರವ್ರೆ’ ಅಂತ ತಿಳ್ಕೊಂತಾರೆ.

ಮಂಗಮ್ಮ: ಸುಳ್ಳು ಯಾಕ್ಲಾ ಯೇಳ್ತೀಯ ಅವ್ರಿಗೆ?

ಪುಟ್ಟಪ್ಪ: ನಗಬ್ಯಾಡ. ವಾರಪತ್ರಿಕೇಲಿ ಆಕವ್ರೆ. ಸಲೂನಲ್ಲಿ ಕೂತು ಪೂರ್ತಿ ಓದಿವ್ನಿ.

ಮಂಗಮ್ಮ: ಅದ್ಕೇ ತಲೆ ಅಷ್ಟು ನುಣ್ಣಗೈತೆ. ಅಲ್ಲಲೇ, ಮೊನ್ನೆ ನಿನ್ನತ್ತೆ ಊರು ಪಾಪಿರೆಡ್ಡಿಪಟ್ಟಿಗೆ ಫೋನಾಕಿ, ನಿನ್ನೆಂಡ್ರು ಅಂತ ಯಾರೆಂಡ್ರನ್ನೋ ಐದು ನಿಮಿಸ ಬೈದು ಬಂದೆ. ಬೈಸ್ಕೊಂಡೋಳೂ ಗೊತ್ತಿಲ್ದೆ ವಾಪಸ್ ಬೈದ್ಲು. ನೀನು ನಕ್ಸತ್ರದೋರ ಜೊತೆ ಮಾತಾಡ್ತೀಯ?

ಪುಟ್ಟಪ್ಪ: ಅದು ರಾಂಗ್ ನಂಬರು. ಇದು ಕರೆಕ್ಟು.

ಮಂಗಮ್ಮ: ಜನಸಂಖ್ಯೆ ಬರ್ಕೊಳಕ್ ಬಂದೋರು ತಾಯ್ನುಡಿ ಏನಪ್ಪಾ ಅಂದ್ರೆ ನೀನು ತಮಿಳು ಅಂದೆ. ಒಳಗಿದ್ದ ನಿಮ್ಮವ್ವ ಕನ್ನಡದಲ್ಲಿ ಉಗಿದ್ಲು. ನಿಮ್ಮವ್ವನ ಬಾಸೆ ಯಾವ್ದು ಅಂತ ಗೌರ್ಮೆಂಟಿಗೆ ಯೇಳಕ್ಕಾಗ್ನಿಲ್ಲ, ಗ್ರಹಕ್ಕೆ ಯೇಳ್ತಾನಂತೆ! ಓಗ್ಲಿ, ಉತ್ರ ಯಾವಾಗ ಬರ್ತದೆ?

ಪುಟ್ಟಪ್ಪ: ಹತ್ರದ ನಕ್ಸತ್ರಕ್ಕೆ ಬೆಳಕು ಓಗಕ್ಕೇ ನಾಕು ವರ್ಸ ಬೇಕಕ್ಕಾ. ಬರಕ್ಕೆ ಇನ್ನೊಂದು ನಾಕು.

ಮಂಗಮ್ಮ: ಎಂಟು ವರ್ಸ ಈ ಜವ್ವರಿಸಿ ತಿರುವ್ದೆ ಇರ್ಲಾ ನಾನು? ಮೊದಲಾಳಿ ಎಂಟು ನಿಮಿಸ ಬಿಡಕಿಲ್ಲ. ಗ್ರಹದೋರು ಬರ್ತಾರೋ ಇಲ್ವೋ, ನನ್ ಗ್ರಹಚಾರ ಬಂದೈತೆ!

ಅಷ್ಟರಲ್ಲಿ ಊಟ ಮುಗಿಸಿದ ಆರು ಹೆಂಗಸರು ಗೋರುಮಣೆ ಹೊತ್ತು ಬಂದರು. ಮುಂದಿದ್ದ ಪೂಂಗೊಡಿ ಕಣಕ್ಕೆ ಕಾಲಿಡಲು ಹೋದವಳು ಆ ಗೆರೆಗಳನ್ನು ಕಂಡು ಕೆಂಡ ತುಳಿದವಳಂತೆ ಹಿಂದಕ್ಕೆ ಹಾರಿದಳು.

ಪೂಂಗೊಡಿ: ಅಯ್ಯಯ್ಯೋ, ಮಾಟ! ಯಾರೋ ಚಕ್ರ ಬರ್ದವ್ರೆ! ನಾನು ಇದನ್ನ ದಾಟಕಿಲ್ಲಮ್ಮ, ಮನೇಲಿ ಕೂಸೈತೆ.

ಪುಟ್ಟಪ್ಪ: ಮಾಟ ಅಲ್ಲಕ್ಕಾ! ನಾನೇ ಬರ್ದಿದ್ದು. ಮ್ಯಾಲಿರೋರನ್ನ ಕರಿಯಕ್ಕೆ.

ಹೆಂಗಸರು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದರು.

ಪೂಂಗೊಡಿ: ಮ್ಯಾಲಿರೋರು ಅಂದ್ರೆ... ಸತ್ತೋರಾ?

ಪುಟ್ಟಪ್ಪ: ಚೆ, ಚೆ, ಜೀವ ಇರೋರೇ. ಮೈ ಎಂಗೈತೆ ಅಂತ ಯಾರ್ಗೂ ಗೊತ್ತಿಲ್ಲ ಅಷ್ಟೆ. ಕಣ್ಣಿಗೆ ಕಾಣ್ಸಕಿಲ್ಲ, ಆದ್ರೆ ನಮ್ಮನ್ನ ನೋಡ್ತಾನೇ ಅವ್ರೆ.

ಅವನು ಇದನ್ನೇ ಮತ್ತೆ ತಮಿಳಿನಲ್ಲಿಯೂ ಬಿಡಿಸಿ ಹೇಳಿದ. ಮುಗಿಸುವ ಹೊತ್ತಿಗೆ ಹೆಂಗಸರು ಗೇಟು ಸೇರಿದ್ದರು. ಗೋರುಮಣೆಗಳು ಮಾತ್ರ ಬಿದ್ದಲ್ಲೇ ಬಿದ್ದಿದ್ದವು.

ಮಂಗಮ್ಮ: ಕರ್ದಿದ್ದು ಮ್ಯಾಲಿನೋರನ್ನ, ಓಡೋದ್ರು ಕೆಳಗಿನೋರು! ಹತ್ತಡಿ ದೂರದಾಗಿರೋ ಆರು ಜನಕ್ಕೆ ಎರಡು ಬಾಸೇಲಿ ಯೇಳಿ ತಿಳಿಸಕ್ಕಾಗದೋನು!

ಬೆಟ್ಟದ ಕಪ್ಪು ಅರ್ಧ ಆಕಾಶಕ್ಕೆ ಬಂದಿತ್ತು. ಒಬ್ಬಳೇ ಈ ಕಣವನ್ನು ತಿರುವಿ ರಾಶಿ ಮಾಡುವುದು ಆಗದ ಮಾತು. ಮಂಗಮ್ಮನ ಮೂಗಿಗೆ ಆಗಲೇ ಗೆಣಸಿನ ಸಿಪ್ಪೆಯ ಹುಳಿ ನಾತ ಬಡಿಯಿತು. ಸಾಲದ್ದಕ್ಕೆ ಗೇಟಿನ ಹೆಂಗಸರನ್ನು ಸೀಳಿಕೊಂಡು ಮೊದಲಾಳಿಯೇ ಬಂದರು. ಕಣದ ಅಂಚಿಗೆ ಬಂದವರು ನಿಂತರು. ಮೆಲ್ಲಗೆ ಚಪ್ಪಲಿ ಬಿಟ್ಟರು.

ಪಳನಿಯಪ್ಪನ್: ಯಾರು ಪೋಟ್ಟದು?

ಮಂಗಮ್ಮ: ಪುಟ್ಟಪ್ಪ ಮೊದಲಾಳಿ. ಇವ್ನೇ ಆಕಿದ್ದು.

ಪಳನಿಯಪ್ಪನ್: ಒಬ್ಬರೂ ಒಳಗೆ ಕಾಲಿಡಲ್ಲ ಅಂತಾರೆ. ನಿಜವಾ?

ಮಂಗಮ್ಮ: ಕೂಗಿದ್ರೂ ಬರಕಿಲ್ಲ.

ಪಳನಿಯಪ್ಪನ್ ಗಲ್ಲ ಕೆರೆದುಕೊಂಡರು. ವಾಚ್‌ಮನ್ನನ್ನು ಇಟ್ಟರೂ, ನಾಯಿಯನ್ನು ಸಾಕಿದರೂ ಕಣದಿಂದ ಮಡಿಲು ಮಡಿಲು ಸಬ್ಬಕ್ಕಿ ಮಾಯವಾಗುವುದು ನಿಂತಿರಲಿಲ್ಲ. ನಾಯಿಯನ್ನೂ ಯಾರೋ ಎತ್ತಿಕೊಂಡು ಹೋಗಿದ್ದರು.

ಪಳನಿಯಪ್ಪನ್: ದಿನಾ ಹಾಕೋಕಾಗುತ್ತಾ?

ಪುಟ್ಟಪ್ಪ: ಮೊದಲಾಳಿ, ಇದು ವಿಜ್ಞಾನ...

ಮಂಗಮ್ಮ ಬಾಯಿ ತೆರೆದಳು. ನಿಜ ಹೇಳಿದರೆ ಶೆಡ್ಡು. ತೆರೆದ ಬಾಯಿಗೆ ಒಂದು ಎಲೆಯಡಿಕೆ ಹಾಕಿಕೊಂಡಳು.

ಮಂಗಮ್ಮ: ಆಕ್ಬೋದು ಮೊದಲಾಳಿ. ಆದ್ರೆ ಒಂದು ಕಟ್ಲೆ ಐತೆ. ಮಾಟ ಆಕಿದೋನೇ ತೆಗೀಬೇಕು. ಇವ್ನೇ ಗೆರೆ ಎಳ್ದು, ಇವ್ನೇ ಕಣ ಪೂರ್ತಿ ತಿರುವ್ಬೇಕು. ಬ್ಯಾರೆಯೋರು ಮುಟ್ಟಿದ್ರೆ ಮೊದಲಾಳಿ ಮನೇಗೇ ತಗುಲ್ಕೊಂತದೆ.

ಪಳನಿಯಪ್ಪನ್: ಸರಿ. ನಾಳೆಯಿಂದ ಇವನಿಗೆ ಮೆಶೀನ್ ಬೇಡ. ಕಣಕ್ಕೇ ಹಾಕು, ನಿನ್ನ ಕೈಕೆಳಗೆ.

ಮೊದಲಾಳಿ ಚಪ್ಪಲಿ ಮೆಟ್ಟಿ ಹೊರಟರು. ಮಂಗಮ್ಮ ಗೋರುಮಣೆಯನ್ನು ಪುಟ್ಟಪ್ಪನ ಕೈಗೆ ತುರುಕಿ ನೆರಳಿನಲ್ಲಿ ಕಾಲು ಚಾಚಿ ಕೂತಳು. ಅವನು ತನ್ನ ತ್ರಿಕೋನವನ್ನು ತಾನೇ ಕೆರೆಯುತ್ತಾ, ಏದುಸಿರು ಬಿಡುತ್ತಾ, ಮೂರನೆಯ ಚೌಕಕ್ಕೆ ಬಂದಾಗ ಬೆಟ್ಟದ ಕಡೆ ಫಳ್ಳೆಂದು ಮಿಂಚಿ ಗುಡುಗಿತು.

ಪುಟ್ಟಪ್ಪ: ಅಕ್ಕಾ! ಕೇಳಿಸ್ತಾ? ಉತ್ರ ಬಂತು ಕಣಕ್ಕಾ!

ಮಂಗಮ್ಮ: ಬಂತು ಬಂತು. ಏನಂತವ್ರೆ ಗೊತ್ತಾ?

ಪುಟ್ಟಪ್ಪ: ಏನು?

ಮಂಗಮ್ಮ: ‘ಲೇ ಬುದ್ಧಿವಂತ, ಮೊದ್ಲು ಟಾರ್ಪಾಲ್ ಎಳಿ’ ಅಂತವ್ರೆ.