ಗಂಟಲು ಕಟ್ಟಿದ ಒಡಂಬಡಿಕೆ

ಸುದರ್ಶನ ಮಾಸ್ತರನ ಗಂಟಲು ಕಟ್ಟಿದ್ದು ಶೀತದಿಂದಲ್ಲ, ಬೆಳಗಾಗುತ್ತಲೇ ಬಂದ ಒಂದು ಫೋನಿನಿಂದ.

"ಮಾಸ್ತರೇ, ಪೋರ್ಚುಗಲ್ಲಿನ ಮಾಸ್ತರ್ರು ಇವತ್ತೇ ಬರ್ತಾ ಇದ್ದಾರೆ!" ಶಾಲೆಯ ಅಧ್ಯಕ್ಷ ನಾಗಪತಿ ಹೆಗಡೆಯವರ ದನಿಗೆ ಫೋನೇ ಬೇಕಿರಲಿಲ್ಲ, ಕಿಟಕಿ ತೆರೆದಿಟ್ಟರೂ ಸಾಕಿತ್ತು. "ಗೋವಾದಲ್ಲಿ ಇಳಿದವರು ಹಾಗೇ ರೈಲು ಹತ್ತಿದ್ರಂತೆ. ವೇದಿಕೆ ಮೇಲೆ ನೀವು ಪೋರ್ಚುಗೀಸಿನಲ್ಲಿ ಮಾತಾಡಿ, ಅವರು ಕನ್ನಡದಲ್ಲಿ ಉತ್ತರ ಕೊಡ್ಲಿ. ಶಿರಾಲಿ ಊರಿಗೆ ಊರೇ ಬಾಯಿ ಬಿಟ್ಕೊಂಡು ನೋಡ್ಬೇಕು!"

ಫೋನಿಟ್ಟ ಸುದರ್ಶನನೇ ಮೊದಲು ಬಾಯಿ ಬಿಟ್ಟ.

ಅವನು ಆ ಶಾಲೆಯ ತಾತ್ಕಾಲಿಕ ಶಿಕ್ಷಕ. ಆರು ತಿಂಗಳ ಹಿಂದೆ ಪೋರ್ಚುಗಲ್ಲಿನ ಒಂದು ಶಾಲೆಯೊಡನೆ ಮಾತುಕತೆ ಆಗಿತ್ತು. ಅಲ್ಲಿಯ ಮಕ್ಕಳು ಕನ್ನಡ ಕಲಿಯಬೇಕು, ಇಲ್ಲಿಯವರು ಪೋರ್ಚುಗೀಸ್; ಎರಡೂ ಕಡೆಯವರು ಬಹುಭಾಷಿಗಳಾಗಿ ಭವಿಷ್ಯಕ್ಕೆ ಸಜ್ಜಾಗಬೇಕು. "ಯಾರಿಗೆ ಪೋರ್ಚುಗೀಸ್ ಬರ್ತದೆ?" ಎಂದು ಸಭೆಯಲ್ಲಿ ಹೆಗಡೆಯವರು ಕೇಳಿದಾಗ, ಮಿಮಿಕ್ರಿಯ ಚಟವಿದ್ದ ಸುದರ್ಶನ ಪಕ್ಕದವರನ್ನು ನಗಿಸಲೆಂದು ಮೂಗು ಹಿಡಿದು, ಟೀವಿಯಲ್ಲಿ ಕೇಳಿದ್ದ ಪೋರ್ಚುಗೀಸ್ ಫುಟ್‌ಬಾಲ್ ವೀಕ್ಷಕವಿವರಣೆಯನ್ನು ಗೋಲು ಬೀಳುವವರೆಗೂ ಒದರಿಬಿಟ್ಟ. ಎಲ್ಲರೂ ನಕ್ಕರು. ಹೆಗಡೆಯವರು ಮಾತ್ರ ನಗದೆ ಎದ್ದುಬಂದು ಅಪ್ಪಿಕೊಂಡರು. "ಮನೆಯಲ್ಲೇ ಮಾಣಿಕ್ಯ ಇಟ್ಕಂಡು ಹೊರಗೆ ಹುಡುಕ್ತಾ ಇದ್ದೆ! ಒಡಂಬಡಿಕೆಗೆ ಸಹಿ ಬೀಳ್ಲಿ, ನಿಮ್ಮ ಕೆಲಸ ಕಾಯಂ."

'ಕಾಯಂ' ಎಂಬ ಶಬ್ದ ಕೇಳಿದ ತಾತ್ಕಾಲಿಕ ಶಿಕ್ಷಕ ಸತ್ಯ ಹೇಳುವುದಾದರೂ ಹೇಗೆ? ಅಂದಿನಿಂದ ಮಕ್ಕಳಿಗೆ ನಮಸ್ಕಾರಕ್ಕೆ 'ಬೋಂ ದೀಯ', ಧನ್ಯವಾದಕ್ಕೆ 'ಒಬ್ರಿಗಾದು' ಎಂಬೆರಡನ್ನೇ ನಾನಾ ರಾಗಗಳಲ್ಲಿ ಕಲಿಸುತ್ತ ಬಂದಿದ್ದ. ಅಲ್ಲಿಯ ಶಿಕ್ಷಕನ ವಿಡಿಯೋ ಕರೆ ಬಂದರೆ ಮಾತು ಶುರುವಾಗುವ ಮೊದಲೇ ವಾಯರು ಕೀಳಲು ಕೈ ಹಾಕುತ್ತಿದ್ದ. ಇವತ್ತು ಗುಟ್ಟು ರಟ್ಟಾದರೆ ಮಕ್ಕಳ ಭವಿಷ್ಯ ಸಜ್ಜಾಗುವ ಮೊದಲೇ ಅವನ ಭವಿಷ್ಯ ಸಜ್ಜಿಗೆಯಾಗುವುದು ಖಂಡಿತ.

ಉಪಾಯವೊಂದು ಹೊಳೆಯಿತು. ಮಾತು ಬರದಿದ್ದವನಿಗೆ ಯಾವ ಭಾಷೆ ಬಂದರೇನು, ಬಿಟ್ಟರೇನು? ಕೊರಳಿಗೆ ಟವೆಲ್ ಸುತ್ತಿಕೊಂಡು ಅಡುಗೆಮನೆಗೆ ಹೋಗಿ ಹೆಂಡತಿಗೆ ಗಂಟಲು ತೋರಿಸಿ ಕೈಯಾಡಿಸಿದ.

"ಎಂತಾತು?" ಶ್ರೀಗೌರಿ ಸೌಟು ಹಿಡಿದೇ ತಿರುಗಿದಳು. "ರಾತ್ರೆ ಗೊರಕೆ ಹೊಡೆವಾಗ ಸಮಾ ಇತ್ತಲ!"

ಅವನ ದುರದೃಷ್ಟಕ್ಕೆ ಪಕ್ಕದಮನೆಯ ದುರ್ಗಮ್ಮ ಆಗಲೇ ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು. "ಮಾಸ್ತರ್ರ ಗಂಟ್ಲು ಹೋಯ್ತನೆ ಗೌರಿ? ತಡಿ, ನಾ ಈಗ ಬಂದೆ." ಬಂದದ್ದು ಬರಿಗೈಯಲ್ಲಲ್ಲ, ಕಾಳುಮೆಣಸಿನ ಕಷಾಯದ ಚೊಂಬಿನೊಡನೆ. ಅದು ಗಂಟಲಿನಿಂದ ಇಳಿಯುವಾಗ ಸುದರ್ಶನನಿಗೆ ರೈಲು ಸುರಂಗ ಹೊಕ್ಕಂತಾಯಿತು. ಕಣ್ಣೀರು ಬಂತು.

"ನೋಡು ಗೌರಿ, ಮದ್ದು ಹತ್ತಿತು! ಇನ್ನೊಂದು ಲೋಟ ಕುಡ್ಸು."

ಶಾಲೆ ತಲುಪುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಗಣಿತ ಕಲಿಸುವ ಶ್ರೀಮತಿ ಅಕ್ಕೋರು ಈರುಳ್ಳಿ ರಸ ತಂದಿದ್ದರು. ಹೆಗಡೆಯವರು ಸ್ವತಃ ಅವನ ಕೊರಳಿಗೆ ಅರಿಶಿನ, ಸುಣ್ಣ ಕಲಸಿ ಬಳಿದರು; ಅವನು ದೃಷ್ಟಿ ತೆಗೆಯಲು ಇಟ್ಟ ಕುಂಬಳಕಾಯಿಯಂತೆ ಕಂಡ. ಡ್ರಿಲ್ ಮಾಸ್ತರ್ ವಿನೋದ ಮಾತ್ರ ಇವಕ್ಕೆಲ್ಲ ಮೂಗು ಮುರಿದ.

"ಇದೆಲ್ಲ ಹಳೇ ಕಾಲದ್ದು. ಬಿಸಿ ಉಪ್ಪಿನ ಶಾಖ ಕೊಟ್ರೆ ಹತ್ತು ನಿಮಿಷದಲ್ಲಿ ಕೋಗಿಲೆ!" ಎಂದವನೇ ಬಾಣಲೆಯಲ್ಲಿ ಹುರಿದ ಉಪ್ಪಿನ ಗಂಟನ್ನು ಕೊರಳಿಗೆ ಒತ್ತಿಯೇಬಿಟ್ಟ.

"ಅಯ್ಯಯ್ಯಯ್ಯೋ!"

"ಬಂತು! ಸ್ವರ ಬಂತು!" ಸ್ಟಾಫ್‌ರೂಮಿಗೆ ಸ್ಟಾಫ್‌ರೂಮೇ ಚಪ್ಪಾಳೆ ತಟ್ಟಿತು.

"ಎಲ್ಲಿ, ಒಂದು ಪೋರ್ಚುಗೀಸ್ ಬಿಡಿ ನೋಡ್ವಾ," ಎಂದರು ಹೆಗಡೆಯವರು.

ಸುದರ್ಶನ ಬಾಯಿ ತೆರೆದ. ಹಳೇ ಸೈಕಲ್ ಪಂಪಿನಂತೆ 'ಹುಸ್ಸ್' ಎಂದ. ಇನ್ನೊಮ್ಮೆ 'ಹುಸ್ಸ್' ಎಂದ.

"ಛೆ, ಬಂದದ್ದು ಹೋಯ್ತು," ಎಂದು ಶ್ರೀಮತಿ ಅಕ್ಕೋರು ನಿಟ್ಟುಸಿರಿಟ್ಟರು. ಅವರಿಗಿಂತ ಉದ್ದದ ನಿಟ್ಟುಸಿರು ಸುದರ್ಶನನದಾಗಿತ್ತು.

ಮಧ್ಯಾಹ್ನ ಹೆಗಡೆಯವರ ಕಾರಿನಲ್ಲಿ ಭಟ್ಕಳ ಸ್ಟೇಷನ್ನಿಗೆ ಹೋದರು. ರೈಲು ನಿಂತಿತು. ಎತ್ತರದ ಗಡ್ಡದ ಆಸಾಮಿಯೊಬ್ಬ ಇಳಿದ. ಇವನೇ ಅಲ್ಲಿಯ ಕನ್ನಡ ಶಿಕ್ಷಕ ಮಿಗೆಲ್. ಬೆವರು ಧಾರಾಕಾರ ಇಳಿಯುತ್ತಿದ್ದರೂ ಕೊರಳಿಗೆ ಉಣ್ಣೆಯ ಮಫ್ಲರು!

"ಸ್ವಾಗತ, ಸ್ವಾಗತ! ಪ್ರಯಾಣ ಸುಖವಾಯ್ತೋ?" ಹೆಗಡೆಯವರು ಅಚ್ಚ ಕನ್ನಡದಲ್ಲಿ ಕೇಳಿದರು.

ಮಿಗೆಲ್ ದುಃಖದ ಮುಖ ಮಾಡಿದ. ಗಂಟಲು ಮುಟ್ಟಿ ತೋರಿಸಿ, ಕೈಯಾಡಿಸಿ, 'ಹುಸ್ಸ್' ಎಂದ.

ಸುದರ್ಶನ ಅವನನ್ನು ನೋಡಿದ. ಮಿಗೆಲ್ ಸುದರ್ಶನನ ಕೊರಳಿನ ಸುಣ್ಣ ನೋಡಿದ. ಇಬ್ಬರ ಕಣ್ಣುಗಳೂ ಒಂದು ಗಳಿಗೆ ಕಿರಿದಾಗಿ, ಮರುಗಳಿಗೆಗೆ ದೊಡ್ಡವಾದವು. ಆರು ತಿಂಗಳ ವಿಡಿಯೋ ಕರೆಗಳಲ್ಲಿ ತಾನು ವಾಯರು ಕೀಳಲು ಕೈ ಹಾಕುವ ಮೊದಲೇ ಆ ಕಡೆಯಿಂದ ಕಟ್ಟಾಗುತ್ತಿದ್ದುದರ ರಹಸ್ಯ ಸುದರ್ಶನನಿಗೆ ಈಗ ತಿಳಿಯಿತು. ಬೇರೆ ಬೇರೆ ಜಾತ್ರೆಯಲ್ಲಿ ಕಳೆದುಹೋಗಿದ್ದ ಅಣ್ಣತಮ್ಮಂದಿರಂತೆ ಇಬ್ಬರೂ ಅಪ್ಪಿಕೊಂಡರು. ಅಬ್ಬ! ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಬಂಡೆ ಉರುಳಿ ಹಳಿಯಾಚೆ ಬಿತ್ತು.

ಕಾರಿನಲ್ಲಿ ಹೆಗಡೆಯವರು ಬಿಡಲಿಲ್ಲ. "ಊಟಕ್ಕೆ ಅನ್ನ ಆಗ್ಬಹುದೋ?" ಮಿಗೆಲ್ ತಲೆಯಾಡಿಸಿದ. "ಅಥವಾ ಉಪವಾಸವೋ?" ಅದಕ್ಕೂ ಆಡಿಸಿದ. "ನೋಡಿ ಮಾಸ್ತರೇ, ಎಲ್ಲ ಅರ್ಥ ಆಗ್ತದೆ. ಪಾಪ, ಹೇಳ್ಲಿಕ್ಕೆ ಗಂಟಲಿಲ್ಲ!"

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಮಕ್ಕಳು ಹೆಂಚಿನ ಮಾಡು ಹಾರಿಹೋಗುವಂತೆ "ಬೋಂ ದೀಯ" ಎಂದರು. ಅದು ಸಂಜೆಯದಲ್ಲ, ಬೆಳಗಿನ ನಮಸ್ಕಾರವೆಂದು ಗೊತ್ತಿದ್ದೂ ಇಬ್ಬರೂ ವೇದಿಕೆಯ ಮೇಲೆ ಚಪ್ಪಾಳೆ ತಟ್ಟಿದರು. ಹೆಗಡೆಯವರು ಮೈಕ್ ಹಿಡಿದರು. "ಎರಡು ದೇಶ, ಎರಡು ಗಂಟಲು, ಒಂದೇ ದಿನ ಕಟ್ಟಿದೆ! ಇದಕ್ಕಿಂತ ದೊಡ್ಡ ಸಹಭಾಗಿತ್ವ ಉಂಟೇ?" ಸಹಿ ಬಿತ್ತು. ಕ್ಯಾಮೆರಾ ಮಿಂಚಿತು. ಸುದರ್ಶನನಿಗೆ ಕುಂತಲ್ಲೇ ಮೈ ಹಗುರಾಗಿ, ತಾನು ಕುರ್ಚಿಯಿಂದ ಒಂದು ಗೇಣು ಮೇಲಿದ್ದೇನೆ ಎನಿಸಿತು. ಮಿಗೆಲ್ ಮಫ್ಲರಿನೊಳಗೇ ಮುಗುಳ್ನಕ್ಕ. ರಾತ್ರಿಯ ರೈಲಿಗೆ ಅವನು ಹೊರಟರೆ ಮುಗಿಯಿತು. ನಾಳೆ ಸುದರ್ಶನನ ಗಂಟಲು ವಾಸಿ, ಕೆಲಸ ಕಾಯಂ.

"ಕೊನೆಯದಾಗಿ," ಎಂದರು ಹೆಗಡೆಯವರು. "ಗಂಟಲು ಕಟ್ಟಿದ ಅತಿಥಿಯನ್ನ ಹಾಗೇ ಕಳ್ಸಿದ್ರೆ ನಮ್ಮೂರ ಮರ್ಯಾದೆ ಎಂತ ಆಗ್ಬೇಕು? ಅವರ ಟಿಕೇಟು ರದ್ದು ಮಾಡ್ಸಿದ್ದೇನೆ! ಇಬ್ಬರ ಗಂಟಲೂ ಬಿಡೋವರೆಗೆ, ಒಂದು ವಾರ ಆಗ್ಲಿ, ಒಂದು ತಿಂಗಳೇ ಆಗ್ಲಿ, ಸುದರ್ಶನ ಮಾಸ್ತರ್ರ ಮನೆಯಲ್ಲೇ ಇರ್ತಾರೆ. ಇದೇ ವೇದಿಕೆ ಮೇಲೆ ಇವರು ಪೋರ್ಚುಗೀಸಿನಲ್ಲಿ, ಅವರು ಕನ್ನಡದಲ್ಲಿ ಭಾಷಣ ಮಾಡಿದ ದಿನವೇ ಮಾಸ್ತರ್ರ ಕೈಗೆ ಕಾಯಂ ಆದೇಶ! ಆಗ್ಬಹುದೋ ಮಿಗೆಲ್ ಸಾಹೇಬ್ರೇ?"

ಸುದರ್ಶನ ಗಾಬರಿಯಿಂದ ಮಿಗೆಲ್‌ನತ್ತ ತಿರುಗಿ ಬೇಡ ಬೇಡವೆಂದು ಎರಡೂ ಕೈ ಬೀಸತೊಡಗಿದ. ಮಿಗೆಲ್ ಅದನ್ನು ಅಭಿನಂದನೆಯೆಂದು ತಿಳಿದು, ಎದ್ದುನಿಂತು, ಸಭೆಗೆ ಕೈಮುಗಿದು, ಖುಷಿಖುಷಿಯಾಗಿ ಮತ್ತೆ ಮತ್ತೆ ತಲೆಯಾಡಿಸಿದ.

ಚಪ್ಪಾಳೆ ಮುಗಿಯಲೇ ಇಲ್ಲ. ಆ ಗದ್ದಲದಲ್ಲಿ ಮಿಗೆಲ್ ಬಗ್ಗಿ, ಸುದರ್ಶನನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಪಿಸುಗುಟ್ಟಿದ: "ಗೆಳೆಯಾ, ನಾನೀಗ ಯಾವುದಕ್ಕೆ ಒಪ್ಪಿದೆ?"

ಎದುರಿಗೇ ಹೆಗಡೆಯವರು ನಗುತ್ತ ನೋಡುತ್ತಿದ್ದರು. ಸುದರ್ಶನ ತನ್ನ ಗಂಟಲನ್ನು ಮುಟ್ಟಿ ತೋರಿಸಿದ.